ಜಬಾಲಾ ನೆಲಕ್ಕಿಟ್ಟ ಬಟ್ಟಲು

ಜಬಾಲಾ ಎಂದರೆ ಕಸ. ಗುಡಿಸಿ ತಿಪ್ಪೆಗೆ ಸುರಿಯುವ ಕಸ. ಅವಳಿಗಿಂತ ಮೊದಲು ಹುಟ್ಟಿದ ಮೂರು ಗಂಡುಮಕ್ಕಳು ತೊಟ್ಟಿಲಲ್ಲೇ ಹೋಗಿದ್ದರು. ನಾಲ್ಕನೆಯ ಕೂಸನ್ನು ನೋಡಲು ಬಂದವರು ಚೆಂದವಿದೆ ಎನ್ನಲು ಬಾಯಿ ತೆರೆಯುವ ಮೊದಲೇ ತಾಯಿ, "ಇದರಲ್ಲೇನಿದೆ ನೋಡೋಕೆ, ಬರೀ ಕಸ" ಎಂದುಬಿಟ್ಟಳಂತೆ. ಕಸಕ್ಕೆ ಸಾವು ಕೈ ಹಾಕುವುದಿಲ್ಲ. ಆ ಸಲ ಅದು ನಿಜಕ್ಕೂ ಮೋಸಹೋಯಿತು. ಜಬಾಲಾಗೆ ಈಗ ಎಪ್ಪತ್ತು ದಾಟಿದೆ. ಬೆಳಗಾದರೆ ಎಮ್ಮೆಗಳನ್ನು ಹೆಸರು ಹಿಡಿದು ಬೈಯುವ ಅವಳ ದನಿ ಮನೆಗಳಿರುವ ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ನೀರಿನ ಮೇಲೆ ಜಾರಿಕೊಂಡು ಬರುತ್ತದೆ. ಆ ದನಿ ಕೇಳಿಸಿದ ಮೇಲೇ ನಾನು ಒಲೆಯ ಬೂದಿ ಕೆದಕುವುದು.

ನಾನು ಹಾಚಿಮ್. ಶೇಖ್ ದಾಗಿರರ ಮುದೀಫಿನಲ್ಲಿ, ಅಂದರೆ ಜೊಂಡಿನಿಂದ ಕಟ್ಟಿದ ನಮ್ಮ ಕುಲದ ಅತಿಥಿಶಾಲೆಯಲ್ಲಿ, ಕಾಫಿ ಕಾಯಿಸುವವನು. ಕಾಫಿಯವನಿಗೆ ಕಿವಿ ಇರಬೇಕು, ಬಾಯಿ ಇರಬಾರದು ಎನ್ನುತ್ತಾರೆ. ಇದೊಂದು ವಿಷಯದಲ್ಲಿ ಮಾತ್ರ ನಾನು ಬಾಯಿ ತೆರೆಯುತ್ತೇನೆ. ಏಕೆಂದರೆ ಆ ಬಟ್ಟಲನ್ನು ತುಂಬಿಸಿ ಕೊಟ್ಟವನು ನಾನೇ.

ಜಬಾಲಾ ಹುಟ್ಟಿದ್ದು ಇರಾಕಿನ ತೆಂಕಣ ಜೌಗಿನಲ್ಲಿ, ಚಿಬಾಯಿಷ್ ಪೇಟೆಯಿಂದ ಅರ್ಧ ದಿನದ ದೋಣಿದಾರಿ, ಫ್ರಾತ್ ನದಿ ಕವಲು ಕವಲಾಗಿ ಜೊಂಡಿನೊಳಗೆ ಕಳೆದುಹೋಗುವ ಕಡೆ. ಅವಳಪ್ಪ ಐದು ಹಲ್ಲಿನ ಈಟಿಯಲ್ಲಿ ಮೀನು ಹೊಡೆಯುವವನು. ಚಳಿಗಾಲದಲ್ಲಿ ನೀರುನಾಯಿ ಹೊಡೆದು ಚರ್ಮ ಮಾರುತ್ತಿದ್ದ. ಎಂಟು ವರ್ಷದ ಜಬಾಲಾ ದೋಣಿಯಲ್ಲಿದ್ದ ಒಂದು ಬೆಳಿಗ್ಗೆ ಅವನ ಈಟಿಗೆ ಸಿಕ್ಕಿದ್ದು ಮರಿ ಹಾಕಿದ ತಾಯಿ. ಜೊಂಡಿನ ಬುಡದಲ್ಲಿ ಎರಡು ಮರಿಗಳು ಸಿಳ್ಳು ಹಾಕುತ್ತಿದ್ದವು. ಒಂದು ದಾರಿಯಲ್ಲೇ ಸತ್ತಿತು. ಇನ್ನೊಂದಕ್ಕೆ ಹುಡುಗಿ ಎಮ್ಮೆಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿದಳು. ಎರಡು ಚಳಿಗಾಲ ಅದು ಅವಳ ಪಾದಗಳ ಮೇಲೆ ಸುರುಳಿಸುತ್ತಿ ಮಲಗಿತು. ಮೂರನೆಯ ವಸಂತದಲ್ಲಿ ಹೊರಟುಹೋಯಿತು.

"ಹೋಗೋವಾಗ ಹೇಳಿಹೋಯ್ತಾ ಅಜ್ಜಿ?" ಎಂದು ಈಗಿನ ಮಕ್ಕಳು ಕೇಳುತ್ತಾರೆ.

"ಹೇಳಿಹೋಗೋಕೆ ಅದೇನು ನೆಂಟನಾ? ಅದರ ಮನೆಗೆ ಅದು ಹೋಯ್ತು. ನನ್ನ ಕಾಲು ಮಾತ್ರ ಆ ಚಳಿಗಾಲ ಪೂರ್ತಿ ಬೆಚ್ಚಗಾಗ್ಲಿಲ್ಲ ನೋಡು."

ಅವಳಪ್ಪ ಆಮೇಲೆ ನೀರುನಾಯಿ ಹೊಡೆಯುವುದನ್ನು ಬಿಟ್ಟನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೊಡೆದಿದ್ದರೆ ಮಗಳ ಕಣ್ಣಿಗೆ ಬೀಳದಂತೆ ಹೊಡೆದಿರಬೇಕು.

ಅವಳನ್ನು ಮದುವೆಯಾದ ಮಂಶದ್ ಚಾಪೆ ಹೆಣೆಯುವವನು. ಬೆರಳು ಆಡಿದಷ್ಟು ಅವನ ನಾಲಿಗೆ ಆಡುತ್ತಿರಲಿಲ್ಲ. ಒಬ್ಬಳೇ ಮಗಳು, ನಹ್ವಾ. ಅವಳಿಗೆ ಹತ್ತು ವರ್ಷವಾಗುವಷ್ಟರಲ್ಲಿ ಜೌಗನ್ನು ಬತ್ತಿಸಿದರು. ದೊಡ್ಡವರ ಜಗಳಕ್ಕೆ ಕಟ್ಟೆಗಳೆದ್ದವು, ನೀರು ಬೇರೆ ಕಡೆ ಹೊರಳಿತು. ಇದನ್ನು ನಮ್ಮಲ್ಲಿ ಯಾರೂ ಉದ್ದಕ್ಕೆ ಹೇಳುವುದಿಲ್ಲ. ಹನ್ನೆರಡು ವರ್ಷ ಪಟ್ಟಣದಂಚಿನ ಇಟ್ಟಿಗೆ ಗೂಡುಗಳಲ್ಲಿ ಮಣ್ಣು ಹೊತ್ತೆವು. ಮಂಶದ್ ಆ ಧೂಳಿನಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡ. ಕಟ್ಟೆಗಳು ಒಡೆದು ನೀರು ಮರಳಿದೆ ಎಂಬ ಸುದ್ದಿ ಬಂದಾಗ ಮೊದಲು ಹೊರಟದ್ದು ಮೂರು ದೋಣಿ. ಒಂದು ಜಬಾಲಾಳದು. ಇನ್ನೊಂದರಲ್ಲಿ ಶೇಖ್ ದಾಗಿರ್ ಕುಳಿತಿದ್ದರು. ಅದಕ್ಕೆ ಜಲ್ಲೆ ಹಾಕುತ್ತಿದ್ದವನು ನಾನು.

ನೀರಿತ್ತು. ಬೇರೇನೂ ಇರಲಿಲ್ಲ. ಮೊಣಕಾಲುದ್ದದ ನೀರು, ಅದರಡಿ ಬಿರುಕುಬಿಟ್ಟ ಉಪ್ಪುನೆಲ. ಒಂದು ಹಕ್ಕಿ ಹಾರಲಿಲ್ಲ. ಶೇಖ್ ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡು, "ಇಲ್ಲಿ ಏನು ಬದುಕುತ್ತೋ ಹಾಚಿಮ್?" ಎಂದರು. ಆಗ ದೂರದಿಂದ ಜಬಾಲಾ ಕೂಗಿದಳು.

ನದಿ ತಿರುಗುವ ಕಡೆ ಒಂದು ಆಳವಾದ ಮಡು. ಹನ್ನೆರಡು ವರ್ಷದಲ್ಲಿ ಅದೊಂದು ಪೂರ್ತಿ ಬತ್ತಿರಲಿಲ್ಲ. ಅದರ ದಂಡೆಯಲ್ಲಿ ಮಾತ್ರ, ಚಾಪೆಯಂಚಿನಷ್ಟು ಅಗಲಕ್ಕೆ, ಹಸಿರು ಜೊಂಡು ನಿಂತಿತ್ತು. ಅದರ ನಡುವಿನಿಂದ ನೀರುನಾಯಿಯೊಂದು ತಲೆಯೆತ್ತಿ, ಯಾರಪ್ಪಾ ಈ ಹೊಸಬರು ಎಂಬಂತೆ ನಮ್ಮನ್ನು ನೋಡಿ, ಮೀಸೆ ಕೊಡವಿ ಮುಳುಗಿತು.

ಅಲ್ಲಿಂದಲೇ ಎಲ್ಲ ಹಬ್ಬಿತು. ಜೊಂಡು ಆ ದಂಡೆಯಿಂದ ಹೊರಟು ದಿನಕ್ಕಿಷ್ಟು ಎಂದು ನಡೆಯಿತು. ಬುನ್ನಿ ಮೀನು ಆ ಮಡುವಿನಿಂದಲೇ ಕಾಲುವೆಗಳಿಗೆ ಹೋಯಿತು. ಮೀನಿನ ಹಿಂದೆ ಕೊಕ್ಕರೆ, ಜೊಂಡಿನ ಹಿಂದೆ ಎಮ್ಮೆ, ಎಮ್ಮೆಯ ಹಿಂದೆ ನಾವು. ಒಲೆ ಆರಿಸುವಾಗ ನಾನು ಒಂದು ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತೇನೆ. ಮರುದಿನದ ಬೆಂಕಿಯೆಲ್ಲ ಅದರಿಂದಲೇ. ಆ ಮಡು ನಮ್ಮ ಜೌಗಿನ ಕೆಂಡ.

ಎರಡನೆಯ ವರ್ಷ, ಬೇರೆಲ್ಲೂ ಆಳೆತ್ತರದ ಜೊಂಡು ಬೆಳೆದಿರದಿದ್ದ ಕಾಲದಲ್ಲಿ, ಮಡುವಿನ ದಂಡೆಯ ಜೊಂಡನ್ನೇ ಕೊಯ್ದು ಕಂತೆ ಕಟ್ಟಿ, ಬಾಗಿಸಿ, ಹನ್ನೊಂದು ಕಮಾನುಗಳ ಮುದೀಫ್ ಎತ್ತಿದೆವು. ಕಂತೆಗಳಿಗೆ ಬೇಕಾದ ಹಗ್ಗ ಹೊಸೆದ ಹೆಂಗಸರಲ್ಲಿ ಜಬಾಲಾ ಮುಂದಾಳು. ಅವಳ ಅಂಗೈಯಲ್ಲಿ ಆಗಿನ ಗಾಯದ ಗೆರೆ ಇನ್ನೂ ಇದೆ.

ಆಮೇಲೆ ಹದಿನೆಂಟು ವರ್ಷ ಅವಳು ಮಾಡಿದ್ದು ಮೂರೇ ಕೆಲಸ. ಎಮ್ಮೆ ಸಾಕಿದಳು. ಕೆನೆ ಕಟ್ಟಿದಳು. ಬೆಳಿಗ್ಗೆ ಹಿಂದಿನ ಚಿಕ್ಕ ಬಾಗಿಲಿನಿಂದ ಮುದೀಫಿಗೆ ಬಂದು ಒಂದು ಮಣ್ಣಿನ ಬೋಗುಣಿ ಕೆನೆ ನನ್ನ ಕೈಗಿಟ್ಟು, ಅತಿಥಿಗಳಿಗೆ ಕಡಿಮೆ ಬಿದ್ದರೆ ನನಗೆ ಬೈದು ಹೋದಳು. ಮುಂಬಾಗಿಲು ಗಂಡಸರದು. ಅವಳು ಅದನ್ನು ಬಯಸಿದ್ದೂ ಇಲ್ಲ.

ಆಮೇಲೊಂದು ಬರಗಾಲ ಬಂತು. ಮೂರು ಚಳಿಗಾಲ ಮೇಲಿನ ಬೆಟ್ಟಗಳಲ್ಲಿ ಹಿಮ ಬೀಳಲಿಲ್ಲ. ಬಂದ ಅಷ್ಟಿಷ್ಟು ನೀರನ್ನು ಮೇಲಿನ ನಾಡಿನವರು ತಮ್ಮ ಅಣೆಕಟ್ಟುಗಳಲ್ಲಿ ಹಿಡಿದಿಟ್ಟುಕೊಂಡರು. ಅವರಿಗೂ ಬಾಯಾರಿಕೆ ಇರುತ್ತದೆ. ನಮ್ಮಲ್ಲಿ ಕಾಲುವೆಗಳು ಕೆಸರಾದವು. ಜಬಾಲಾಳ ನಾಲ್ಕು ಎಮ್ಮೆಗಳಲ್ಲಿ ಒಂದು ಆ ಕೆಸರಿನಲ್ಲಿ ಹೂತು, ಎಳೆದರೂ ಏಳದೆ ಸತ್ತಿತು.

ಮೀನು ಕಡಿಮೆಯಾದಂತೆ ಹುಡುಗರ ಕೈಗೆ ಬ್ಯಾಟರಿ ಬಂತು. ಲಾರಿಯ ಬ್ಯಾಟರಿ, ಎರಡು ತಂತಿ, ಉದ್ದ ಕೋಲಿನ ಬಲೆ. ತಂತಿ ನೀರಿಗಿಳಿದರೆ ಒಂದು ಸುತ್ತಿನ ಜೀವವೆಲ್ಲ ಹೊಟ್ಟೆ ಮೇಲಾಗಿ ತೇಲುತ್ತದೆ. ದೊಡ್ಡದನ್ನು ಆರಿಸಿಕೊಂಡು ಹೋಗುತ್ತಾರೆ. ಬೆರಳುದ್ದದ ಮರಿಗಳು ಅಲ್ಲೇ ಬೆಳ್ಳಗೆ ಕೊಳೆಯುತ್ತವೆ. ಇದು ಕಾನೂನಿಗೆ ವಿರುದ್ಧ, ನಿಜ. ಆದರೆ ಕಾನೂನು ಇರುವುದು ಪಟ್ಟಣದಲ್ಲಿ, ಮೀನು ಇರುವುದು ಇಲ್ಲಿ. ಹುಡುಗರ ಮುಂದಾಳು ಶೇಖ್ ದಾಗಿರರ ಕಿರಿಮಗ ಫಲೈಹ್. ಕೆಟ್ಟವನಲ್ಲ. ಹೆಂಡತಿ ಬಸುರಿ, ಮನೆಯಲ್ಲಿ ಹನ್ನೊಂದು ಬಾಯಿ.

ಕಾಲುವೆಗಳನ್ನು ಒಂದೊಂದಾಗಿ ಮುಗಿಸಿದರು. ಉಳಿದದ್ದು ಮಡು. ಬತ್ತುತ್ತಿದ್ದ ನೀರಿನ ಮೀನೆಲ್ಲ ಅಲ್ಲೇ ಬಂದು ಸೇರಿತ್ತು. "ಶುಕ್ರವಾರ ಮಡು" ಎಂದು ಫಲೈಹ್ ಗೆಳೆಯರಿಗೆ ಹೇಳಿದ್ದು ಎಲ್ಲರ ಕಿವಿಗೂ ಬಿತ್ತು. ಜಬಾಲಾಳ ಕಿವಿಗೂ ಬಿತ್ತು. ಆ ವಾರದ ಬುಧವಾರ, ಮಡುವಿಗೆ ಸೇರುವ ಕಾಲುವೆಯಲ್ಲಿ ಅವಳಿಗೆ ಸತ್ತುಬಿದ್ದ ಒಂದು ಹೆಣ್ಣು ನೀರುನಾಯಿ ಸಿಕ್ಕಿತು. ಮೈಮೇಲೆ ಗಾಯವಿರಲಿಲ್ಲ. ತಂತಿಯ ಹೊಡೆತಕ್ಕೆ ಹಲ್ಲು ಮಾತ್ರ ಬಿಗಿದಿತ್ತು. ಅದನ್ನು ಜೊಂಡಿನ ಚಾಪೆಯಲ್ಲಿ ಸುತ್ತಿ ದಿಬ್ಬದ ಮೇಲೆ ಮಣ್ಣು ಮಾಡಿದಳು ಎಂದು ನಹ್ವಾ ನನಗೆ ಆಮೇಲೆ ಹೇಳಿದಳು.

ಗುರುವಾರ ಮುದೀಫಿನಲ್ಲಿ ಅತಿಥಿಗಳಿದ್ದರು. ನದಿಯಾಚೆಯ ಕುಲದ ಹಿರಿಯ ಶನಾವಾ ಮತ್ತು ಅವರ ಕಡೆಯ ಐದು ಜನ, ಜೊಂಡು ಕೊಯ್ಯುವ ಗಡಿಯ ಮಾತಿಗೆ ಬಂದಿದ್ದರು. ನಾನು ಎಡಗೈಯಲ್ಲಿ ಕಾಫಿ ಹೂಜಿ, ಬಲಗೈಯಲ್ಲಿ ಬಟ್ಟಲು ಹಿಡಿದು ಸಾಲಿನುದ್ದಕ್ಕೂ ನಡೆಯುತ್ತಿದ್ದೆ. ಮುಂಬಾಗಿಲಿನ ಬೆಳಕು ತಟ್ಟನೆ ಮಸುಕಾಯಿತು. ತಿರುಗಿ ನೋಡಿದರೆ ಜಬಾಲಾ. ಕೈಯಲ್ಲಿ ಬೋಗುಣಿ ಇಲ್ಲ. ಒಗೆದ ಕರಿ ತಲೆವಸ್ತ್ರ. ಚಪ್ಪಲಿ ಬಿಟ್ಟು ಒಳಗೆ ಬಂದು, ಬಾಗಿಲ ಪಕ್ಕದ ಕೊನೆಯ ಜಾಗದಲ್ಲಿ ಕುಳಿತುಬಿಟ್ಟಳು.

ಎಲ್ಲರೂ ನನ್ನನ್ನು ನೋಡಿದರು. ಮುಂಬಾಗಿಲಿನಿಂದ ಬಂದವರು ಅತಿಥಿ. ಅತಿಥಿಗೆ ಕಾಫಿ ಕೊಡದೆ ಇರುವಂತಿಲ್ಲ. ನಾನು ಬಟ್ಟಲು ತುಂಬಿಸಿ ಕೊಟ್ಟೆ. ಅವಳು ತೆಗೆದುಕೊಂಡಳು. ತುಟಿಗೆ ಮುಟ್ಟಿಸಲಿಲ್ಲ. ಮೆಲ್ಲಗೆ ಮುಂದಿನ ಚಾಪೆಯ ಮೇಲೆ ಇಟ್ಟಳು.

"ಏನೋ ಹಾಚಿಮ್, ಏಲಕ್ಕಿ ಮರೆತ್ಯಾ?" ಎಂದು ಯಾರೋ ತಮಾಷೆ ಮಾಡಿದರು. ಯಾರೂ ನಗಲಿಲ್ಲ. ಕಾಫಿ ಕುಡಿಯದೆ ನೆಲಕ್ಕಿಟ್ಟವರಿಗೆ ಒಂದು ಬೇಡಿಕೆ ಇದೆ ಎಂದರ್ಥ. ನಡೆಸಿಕೊಡುತ್ತೇನೆ ಎನ್ನುವವರೆಗೆ ಅವರು ಕುಡಿಯುವುದಿಲ್ಲ. ಕುಡಿಯದೆ ಎದ್ದುಹೋದರೆ ಆ ಮನೆಯ ಮರ್ಯಾದೆ ಅವರ ಹಿಂದೆಯೇ ಎದ್ದುಹೋಗುತ್ತದೆ. ಪರಕುಲದವರ ಎದುರಿಗಂತೂ ಕೇಳುವುದೇ ಬೇಡ.

ಶೇಖ್ ದಾಗಿರ್ ಧಾರಾಳಿ. ಅವರ ದೊಡ್ಡ ಗುಣವೂ ಅದೇ, ತಪ್ಪೂ ಅದೇ. ಏನು ಬೇಕೆಂದು ಮೊದಲು ಕೇಳಬೇಕಿತ್ತು. ಅತಿಥಿಗಳ ಕಡೆಗೊಮ್ಮೆ ಕಣ್ಣಾಡಿಸಿ, ಎದೆಯುಬ್ಬಿಸಿ ಹೇಳಿಬಿಟ್ಟರು:

"ಕುಡಿ ತಂಗಿ. ನಿನ್ನ ಎಮ್ಮೆ ಹೋದ ಸುದ್ದಿ ಕೇಳಿ ಸಂಕಟ ಆಯ್ತು. ನೀನು ಏನು ಕೇಳೋಕೆ ಬಂದಿದೀಯೋ ಅದನ್ನ ಕೊಟ್ಟೆ. ನನ್ನ ಕರಿ ಎಮ್ಮೆ ಬೇಕಂದ್ರೂ ಹಗ್ಗದ ಸಮೇತ ಹೊಡ್ಕೊಂಡು ಹೋಗು!"

"ನಿನ್ನ ಕರಿ ಎಮ್ಮೆ ಒದೆಯುತ್ತೆ ಅಣ್ಣ. ನನಗೆ ಬೇಡ."

ಈಗ ಎಲ್ಲರೂ ನಕ್ಕರು. ಶನಾವಾ ಹಿರಿಯರಂತೂ ಗಡ್ಡ ಒರೆಸಿಕೊಂಡರು. ಜಬಾಲಾ ನಗು ನಿಲ್ಲುವವರೆಗೆ ಕಾದಳು.

"ಮಡು ಬೇಕು" ಎಂದಳು. "ನನಗಲ್ಲ. ಅದರಲ್ಲಿರೋ ಮೀನು, ಆಮೆ, ನೀರುನಾಯಿ, ದಂಡೆ ಜೊಂಡಲ್ಲಿ ಗೂಡು ಕಟ್ಟಿರೋ ಹಕ್ಕಿ, ಎಲ್ಲಾ ನಿನ್ನ ಮರೆಹೊಕ್ಕಿವೆ ಅಂತ ತಿಳ್ಕೋ. ಅವಕ್ಕೆ ಬಾಯಿಲ್ಲ, ಅದಕ್ಕೆ ನಾನು ಬಂದೆ. ನೀರು ತಿರುಗಿ ಬರೋವರೆಗೆ ಆ ಮಡುವಿಗೆ ತಂತಿ ಬೇಡ, ವಿಷ ಬೇಡ, ಬಲೆ ಬೇಡ. ಅಷ್ಟೆ."

ಶೇಖರ ಮುಖದಿಂದ ನಗು ಇಳಿದುಹೋಯಿತು. ಗೋಡೆಯ ಬದಿಯಲ್ಲಿ ನಿಂತಿದ್ದ ಫಲೈಹ್ ಮುಂದೆ ಬಂದ.

"ಅತ್ತೆ, ಇದೇನು ಹುಡುಗಾಟಾನಾ? ಮರೆಹೊಗೋಕೆ ನೀರುನಾಯಿ ಏನು ಮನುಷ್ಯನಾ? ನಮ್ಮ ಮನೆ ಹೆಂಗಸರು ಹಸಿದ್ರೆ ಯಾರ ಮರೆ ಹೋಗ್ಬೇಕು?"

"ಹಸಿವು ಸುಳ್ಳು ಅಂತ ನಾನೆಲ್ಲಿ ಅಂದೆ ಮಗಾ? ಇಟ್ಟಿಗೆ ಗೂಡಲ್ಲಿ ಹನ್ನೆರಡು ವರ್ಷ ಅದರ ಜೊತೇಲೇ ಮಲಗಿದ್ದೀನಿ. ಶುಕ್ರವಾರ ನೀನು ಮಡು ಬಾಚಿದ್ರೆ ಒಂದು ತಿಂಗಳು ತಿಂತೀರ. ಆಮೇಲೆ? ನೀರು ಬಂದಾಗ ನೀರು ಮಾತ್ರ ಬರುತ್ತೆ. ಮೀನಿಗೆ ಬಿತ್ತನೆ ಎಲ್ಲಿಂದ ತರ್ತೀಯ, ಪೇಟೆ ಅಂಗಡೀಲಿ ಸಿಗುತ್ತಾ?"

"ನೀರು ಬಂದಾಗ ನೋಡ್ಕೊಳ್ಳೋಣ."

"ಹಿಂದಿನ ಸಲ ಬಂದಾಗ ನೋಡಿದ್ದೀನಿ ಕಣೋ ನಾನು. ನೀನಾಗ ಇನ್ನೂ ಎಳೆ ಕೂಸು."

ಶನಾವಾ ಹಿರಿಯರು ಗಂಟಲು ಸರಿಮಾಡಿಕೊಂಡರು. ಅವರು ಪದ್ಧತಿ ಬಲ್ಲವರು. ಪದ್ಧತಿಯ ಮೇಲೆ ಕೂದಲು ಸೀಳುವುದೆಂದರೆ ಅವರಿಗೆ ಕೆನೆಗಿಂತ ಇಷ್ಟ.

"ತಂಗಿ ಹೇಳೋದು ಚೆನ್ನಾಗಿದೆ. ಆದ್ರೆ ಒಂದು ತೊಡಕಿದೆ. ಮರೆಹೊಕ್ಕವನು ತಾನೇ ಒಳಗೆ ಬಂದು ಮುದೀಫಿನ ಕಂಬ ಹಿಡೀಬೇಕು. ಬೇರೆಯವರ ಪರವಾಗಿ ಹಿಡಿಯೋ ಹಾಗಿಲ್ಲ. ಇದು ಮುತ್ತಜ್ಜರ ಕಾಲದ ಮಾತು. ಮಡು ಇಲ್ಲಿಗೆ ನಡೆದು ಬಂದು ಕಂಬ ಹಿಡಿದಿದ್ಯಾ?"

ಶೇಖರ ಮುಖದಲ್ಲಿ ಪಾರಾದೆ ಎಂಬ ಸಣ್ಣ ಬೆಳಕು ಮೂಡಿದ್ದನ್ನು ನಾನು ಕಂಡೆ. ಅವರನ್ನು ದೂರುವುದಿಲ್ಲ. ಒಂದು ಕಡೆ ಮಾತು, ಇನ್ನೊಂದು ಕಡೆ ಮಗ.

ಜಬಾಲಾ ಎದ್ದು ನಿಂತಳು. ಹೊರಟೇ ಹೋಗುತ್ತಾಳೆ ಎಂದುಕೊಂಡೆ. ಅವಳು ಹೋಗಲಿಲ್ಲ. ಬಾಗಿಲ ಪಕ್ಕದ ಮೊದಲ ಕಮಾನಿನ ಕಂಬಕ್ಕೆ, ತೆಕ್ಕೆಗೆ ಸಿಗದಷ್ಟು ದಪ್ಪನಾದ ಆ ಜೊಂಡಿನ ಕಂತೆಗೆ, ಅಂಗೈ ಇಟ್ಟಳು.

"ಈ ಜೊಂಡು ಎಲ್ಲೀದು ಅಣ್ಣ?"

ಶೇಖ್ ಕಂಬದ ಕಡೆ ತಿರುಗಿದರು.

"ಇದು?" ಎರಡನೆಯ ಕಂಬ ಮುಟ್ಟಿದಳು. "ಇದು?" ಮೂರನೆಯದು. "ಇದನ್ನ ಕೊಯ್ದಾಗ ನಿನ್ನ ಕೈಯಲ್ಲೇ ಕುಡುಗೋಲು ಇತ್ತು. ಹಗ್ಗ ನನ್ನ ಕೈಯಲ್ಲಿತ್ತು. ಬೇರೆಲ್ಲೂ ಒಂದು ಆಳೆತ್ತರದ ಜೊಂಡು ಇರ್ಲಿಲ್ಲ, ಎಲ್ಲಾ ಮಡು ದಂಡೇದೇ. ಹಿರೀರು ಮಡು ಬಂದು ಕಂಬ ಹಿಡಿದಿದ್ಯಾ ಅಂತ ಕೇಳ್ತಾರೆ. ಹದಿನೆಂಟು ವರ್ಷದಿಂದ ಹಿಡ್ಕೊಂಡೇ ನಿಂತಿದೆ. ಅದು ಕೈಬಿಟ್ರೆ ನಿನ್ನ ಸೂರು ಕೆಳಗೆ ಬೀಳುತ್ತೆ."

ಶನಾವಾ ಹಿರಿಯರು ತಲೆಯೆತ್ತಿ ಹನ್ನೊಂದು ಕಮಾನುಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ತಮ್ಮ ಮಗ್ಗುಲಿನ ಕಂಬವನ್ನು ಬೆರಳಿನಿಂದ ತಟ್ಟಿ, "ದಾಗಿರ್, ನನ್ನ ತೊಡಕು ವಾಪಸ್ ತಗೊಂಡೆ" ಎಂದರು.

ಶೇಖ್ ಮಗನ ಕಡೆ ನೋಡಿದರು. "ನಮ್ಮಪ್ಪ ಹೇಳ್ತಿದ್ದ" ಎಂದರು, "ಹೆಂಗಸು ಮುಂಬಾಗಿಲಿಂದ ಬಂದ್ರೆ ಮನೆ ಅವಳದ್ದೇ ಅಂತ. ಕುಡಿ ತಂಗಿ. ನೀರು ಬರೋವರೆಗೆ ಮಡು ನನ್ನ ಆಸರೆಯಲ್ಲಿದೆ. ಅದನ್ನ ಮುಟ್ಟಿದವನು ನನ್ನನ್ನ ಮುಟ್ಟಿದ ಹಾಗೆ."

ಕಾಫಿ ತಣ್ಣಗಾಗಿತ್ತು. ನಾನು ಬೇರೆ ಬಟ್ಟಲು ತುಂಬಿಸಲು ಹೋದೆ. "ಬೇಡಪ್ಪಾ ಹಾಚಿಮ್, ಇದೇ ಆಗ್ಬೇಕು" ಎಂದಳು. ಕಹಿಯನ್ನು ಒಂದೇ ಗುಟುಕಿಗೆ ಕುಡಿದು, ಸಾಕು ಎಂಬಂತೆ ಬಟ್ಟಲು ಅಲುಗಿಸಿ ನನ್ನ ಕೈಗಿಟ್ಟು, ಚಪ್ಪಲಿ ಮೆಟ್ಟಿ ಹೋದಳು.

ಮಾತು ಕೊಡುವುದು ಒಂದು ಬೆಳಗಿನ ಕೆಲಸ. ಅದನ್ನು ಕಾಯಲು ಬೇಸಿಗೆಯೆಲ್ಲ ಬೇಕಾಯಿತು. ದಿಬ್ಬದಿಂದ ದಿಬ್ಬಕ್ಕೆ ಗೊಣಗಾಟ ಹೋಯಿತು. "ನೀರುನಾಯಿಗೆ ಶೇಖರ ಆಸರೆ, ನಮ್ಮ ಮಕ್ಕಳಿಗೆ ಜೊಂಡಿನ ಬೇರು" ಎಂದರು. ಫಲೈಹನಿಗೆ ಗೆಳೆಯರು ನೀರುನಾಯಿಯ ಭಾವ ಎಂದು ಹೆಸರಿಟ್ಟರು. ಜಬಾಲಾ ಯಾರಿಗೂ ಎದುರಾಡಲಿಲ್ಲ. ಪೇಟೆಗೆ ಕೆನೆ ಕಳಿಸುವುದನ್ನು ನಿಲ್ಲಿಸಿ, ಮೂರು ಎಮ್ಮೆಗಳ ಹಾಲನ್ನು ಮನೆಗಳಿಗೆ ಸರದಿಯಂತೆ ಹಂಚಿದಳು. ಫಲೈಹನ ಬಸುರಿ ಹೆಂಡತಿಯ ಪಾಲು ದಿನವೂ ಹೋಯಿತು. ನಹ್ವಾ, "ಅವ್ವಾ, ಎಮ್ಮೆಗೂ ನಮಗೂ ಮೇವು ಬೇಡ್ವಾ?" ಎಂದು ಸಿಡುಕಿದರೆ, "ನಿನ್ನ ಮಾತೇ ಒಂದು ಹೊರೆ ಮೇವು, ಹಾಕು" ಎನ್ನುತ್ತಿದ್ದಳು. ನಹ್ವಾ ಬೈಯುತ್ತಲೇ ಹಾಲು ಹೊತ್ತಳು.

ಆಬ್ ತಿಂಗಳಲ್ಲಿ, ಬಿಸಿಲಿಗೆ ದೋಣಿಯ ಡಾಂಬರು ಕರಗುವ ಕಾಲಕ್ಕೆ, ಮಡು ಕಲ್ಲೆಸೆದರೆ ಆಚೆ ದಂಡೆಗೆ ಬೀಳುವಷ್ಟು ಕುಗ್ಗಿತ್ತು. ಮುಂದಿನದನ್ನು ಫಲೈಹನೇ ಹೇಳಿದ್ದು, ಮುದೀಫಿನಲ್ಲಿ, ಎಲ್ಲರೆದುರು, ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತ.

ಅವನು ಒಂದು ಬೆಳಗಿನ ಜಾವ ಬ್ಯಾಟರಿಯನ್ನು ಗೋಣಿಯಲ್ಲಿ ಮುಚ್ಚಿಕೊಂಡು ಒಬ್ಬನೇ ಮಡುವಿಗೆ ಹೋದನಂತೆ. ಹೋದರೆ ಅಲ್ಲಿ ಮೂರು ಎಮ್ಮೆಗಳ ತಲೆಗಳು ತೇಲುತ್ತಿವೆ. ಅವುಗಳ ನಡುವೆ ಸೊಂಟದುದ್ದ ನೀರಲ್ಲಿ ಜಬಾಲಾ ನಿಂತು ಒಂದರ ಬೆನ್ನು ಉಜ್ಜುತ್ತಿದ್ದಾಳೆ. ಎಮ್ಮೆ ನೀರಲ್ಲಿದ್ದರೆ ತಂತಿ ಇಳಿಸುವಂತಿಲ್ಲ. ಅತ್ತೆ ನೀರಲ್ಲಿದ್ದರೆ ಮೊದಲೇ ಇಲ್ಲ.

"ಇಷ್ಟು ಬೇಗ ಏನತ್ತೆ?"

"ಎಮ್ಮೆಗೆ ಸೆಕೆ. ನಿಂಗೆ?"

"ನನಗೂ ಸೆಕೆ."

"ಗೋಣಿ ಹೊದ್ದುಕೊಂಡಿರೋನಿಗೂ ಸೆಕೆನೇನೋ ಪಾಪ, ನಿನ್ನ ದೋಣೀಲಿ ಕೂತಿರೋನಿಗೆ?"

ಫಲೈಹ್ ಸಿಟ್ಟಾದ. "ಅತ್ತೆ, ಮನೇಲಿ ಹಸಿದೋರ ಕಣ್ಣು ನೋಡೋಕಾಗಲ್ಲ. ಎಮ್ಮೆ ಎಬ್ಬಿಸು."

"ನೀನೇ ಎಬ್ಬಿಸು."

ಅವನು ಕೂಗಿದ, ಜಲ್ಲೆಯಿಂದ ನೀರು ಬಡಿದ. ಎಮ್ಮೆಗಳು ಕಿವಿಯನ್ನೂ ಅಲುಗಿಸಲಿಲ್ಲ. ಅವು ಏಳುವುದು ಜಬಾಲಾ ಬೈದರೆ ಮಾತ್ರ. ಆಗ ದೋಣಿಯ ಮೂತಿಯ ಹತ್ತಿರವೇ ನೀರುನಾಯಿಯೊಂದು ಎದ್ದಿತು. ಬಾಯಲ್ಲಿ ಒಂದು ಬುನ್ನಿ ಮೀನು. ಹಿಂದೆ ಎರಡು ಮರಿಗಳು. ಅವನನ್ನು ನೋಡಿ ಹೆದರಲೂ ಇಲ್ಲ.

"ನೋಡು, ನೋಡು! ನಮಗಿಲ್ಲದ ಮೀನು ಅದಕ್ಕೆ!"

"ಅದು ಒಂದು ತಗೊಳ್ತು" ಎಂದಳು ಜಬಾಲಾ. "ನಿನ್ನ ಬ್ಯಾಟರಿಗೆ ಒಂದೇ ಒಂದು ತಗೊಳ್ಳೋಕೆ ಬರುತ್ತೇನೋ ಮಗಾ?"

ಫಲೈಹ್ ಜಲ್ಲೆಯನ್ನು ದೋಣಿಯೊಳಗಿಟ್ಟು ಕುಳಿತನಂತೆ. ಅವಳು ನೀರಿನಿಂದ ಎದ್ದು ಬಂದು, ದಂಡೆಯಲ್ಲಿಟ್ಟಿದ್ದ ಬುತ್ತಿ ಬಿಚ್ಚಿ, ಮಣ್ಣಿನ ಹೆಂಚಿನಲ್ಲಿ ಸುಟ್ಟ ಅಕ್ಕಿರೊಟ್ಟಿಗೆ ಕೆನೆ ಸವರಿ ಕೊಟ್ಟಳು. ಒಂದು ಅವನಿಗೆ, ನಾಲ್ಕು ಅವನ ಮನೆಗೆ. "ಇವತ್ತಿನ ನನ್ನ ಮನೆ ಪಾಲು ಇದು, ನಹ್ವಾಗೆ ಹೇಳ್ಬೇಡ" ಎಂದಳು. ಇದನ್ನು ಹೇಳುವಾಗ ಫಲೈಹನ ಗೇಲಿ ನಿಂತುಹೋಯಿತು.

ಆ ಬ್ಯಾಟರಿ ಈಗ ಮುದೀಫಿನಲ್ಲಿದೆ. ನನ್ನ ಒಲೆಯ ಎದುರಿಗೆ ಒಂದು ಫ್ಯಾನು ತಿರುಗಿಸುತ್ತದೆ. ಕಾಫಿ ಬೇಗ ಆರುತ್ತದೆ ಎಂದು ನಾನು ದೂರಿದರೆ, ನೀರುನಾಯಿಯ ಭಾವ ನಗುತ್ತಾನೆ.

ಚಳಿಗಾಲ ಬಂತು. ದೂರದ ಬೆಟ್ಟಗಳಲ್ಲಿ ಆ ವರ್ಷ ಹಿಮ ಬಿದ್ದಿತಂತೆ, ಮೇಲಿನ ನಾಡಿನವರು ಅಣೆಕಟ್ಟಿನ ಬಾಗಿಲು ತೆರೆದರಂತೆ. ನಮಗೆ ಗೊತ್ತಾದದ್ದು ಇಷ್ಟೇ: ಒಂದು ಬೆಳಿಗ್ಗೆ ನಾನು ಹೂಜಿ ತೊಳೆಯಲು ಮೆಟ್ಟಿಲಿಗೆ ಹೋದಾಗ ನಿನ್ನೆ ಒಣಗಿದ್ದ ಮೆಟ್ಟಿಲು ಒದ್ದೆಯಾಗಿತ್ತು. ಮಧ್ಯಾಹ್ನಕ್ಕೆ ಇನ್ನೊಂದು ಮೆಟ್ಟಿಲು. ನಾನು ಅಲ್ಲೇ ಕುಳಿತು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ನೀರು ಮಡುವನ್ನು ಮುಟ್ಟಿತು, ಮಡು ನೀರನ್ನು ಮುಟ್ಟಿತು. ವಸಂತದ ಹೊತ್ತಿಗೆ ಕಾಲುವೆಗಳಲ್ಲಿ ಬೆರಳುದ್ದದ ಬುನ್ನಿ ಮರಿಗಳು ಬೆಳ್ಳಿಯ ತುಣುಕುಗಳಂತೆ ಹೊರಳಾಡಿದವು. ಫಲೈಹನ ಹೆಂಡತಿ ಹೆಣ್ಣು ಹೆತ್ತಿದ್ದಳು. ಮಗುವಿಗೆ ತನ್ನ ಹೆಸರಿಡುತ್ತೇವೆ ಎಂದವರಿಗೆ ಜಬಾಲಾ, "ಈಗ ಸಾವಿಗೆ ಮೋಸ ಮಾಡೋಕೆ ಆಸ್ಪತ್ರೆ ಇದೆ, ಚೆಂದದ್ದೊಂದು ಇಡ್ರೋ" ಎಂದು ಗದರಿದಳು.

ಜೊಂಡು ಹೂ ಬಿಟ್ಟ ಹಳದಿ ಪುಡಿಯಿಂದ ಹೆಂಗಸರು ಸಿಹಿ ಕಟ್ಟುವ ದಿನಗಳು. ಒಂದು ಬೆಳಿಗ್ಗೆ ಜಬಾಲಾ ಎಂದಿನಂತೆ ಹಿಂದಿನ ಬಾಗಿಲಿನಿಂದ ಬಂದು ಕೆನೆಯ ಬೋಗುಣಿಯನ್ನು ನನ್ನ ಕೈಗಿಟ್ಟಳು. ಅದರ ಮೇಲೊಂದು ತುಂಡು ಹಳದಿ ಸಿಹಿ. ಆ ದಿನ ಶೇಖ್ ನಮ್ಮ ಕುಲದ ಗಂಡಸರನ್ನೆಲ್ಲ ಕರೆಸಿದ್ದರು. ಅವಳ ದನಿ ಕೇಳಿ ಫಲೈಹ್ ಎದ್ದು ಬಂದ.

"ಅತ್ತೆ, ಮುಂಬಾಗಿಲಿಂದ ಬರ್ಬೇಕಂತೆ. ಅಪ್ಪ ಕರೀತಿದಾರೆ."

"ನನಗೇನೂ ಬೇಡಪ್ಪ. ಬೇಡಿಕೆ ಇಲ್ಲದೋಳಿಗೆ ಹಿಂದಿನ ಬಾಗಿಲೇ ಸಾಕು."

"ಬೇಡಿಕೆ ನಿಂದಲ್ಲ."

ಅವಳು ಹೊರಗಿನಿಂದ ಸುತ್ತಿಕೊಂಡು ಮುಂಬಾಗಿಲಿಗೆ ಬಂದಳು. ಬಾಗಿಲ ಪಕ್ಕದ ಅದೇ ಕೊನೆಯ ಜಾಗದಲ್ಲಿ ಕುಳಿತಳು. ನಾನು ಕಾಫಿ ಕೊಟ್ಟೆ, ಕುಡಿದಳು. ಶೇಖರಿಗೆ ಕೊಟ್ಟೆ. ಅವರು ಬಟ್ಟಲು ಹಿಡಿದು ಎದ್ದರು. ಮುದೀಫಿನ ಉದ್ದಕ್ಕೂ ನಡೆದು ಬಂದು, ಜಬಾಲಾಳ ಎದುರು ಕುಳಿತು, ಕುಡಿಯದ ಬಟ್ಟಲನ್ನು ಅವಳ ಮುಂದಿನ ಚಾಪೆಯ ಮೇಲೆ ಇಟ್ಟರು.

ಶೇಖ್ ಒಬ್ಬರು ಹಾಗೆ ಬಟ್ಟಲಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ನೀರು ಬರೋವರೆಗೆ ಅಂತ ನೀನು ಕೇಳಿದ್ದೆ ತಂಗಿ" ಎಂದರು. "ಬಂತು. ಮಾತು ಮುಗೀತು. ನಾಳೆ ಯಾರಾದ್ರೂ ಮಡುವಿಗೆ ತಂತಿ ಬಿಟ್ರೆ ನಾನು ಬೇಡ ಅನ್ನೋಕೆ ಹಕ್ಕಿಲ್ಲ. ಅದರ ಪರವಾಗಿ ಬಂದೋಳು ನೀನು, ಅದಕ್ಕೆ ನಿನ್ನನ್ನೇ ಕೇಳ್ತಿದೀನಿ. ಅದನ್ನ ನನ್ನ ಕಂಬದಿಂದ ಬಿಡಿಸ್ಕೊಂಡು ಹೋಗ್ಬೇಡ. ನಾನಿರೋವರೆಗೂ, ನನ್ನ ಈ ಮಗ ಇರೋವರೆಗೂ ಅದು ಈ ಸೂರಿನ ಅತಿಥಿಯಾಗೇ ಇರ್ಲಿ. ನಮ್ಮನ್ನ ಎರಡು ಸಲ ಸಾಕಿದೆ."

ಜಬಾಲಾ ಬಟ್ಟಲನ್ನು ನೋಡಿದಳು. ತಲೆವಸ್ತ್ರವನ್ನು ಹಣೆಯ ಮೇಲೆ ಸರಿಮಾಡಿಕೊಂಡಳು, ಸರಿಯಾಗಿಯೇ ಇದ್ದದ್ದನ್ನು. ಅವಳ ಅಂಗೈಯ ಹಗ್ಗದ ಗೆರೆ ನನಗೆ ಕಾಣಿಸಿತು.

"ಏನು ಬೇಕು ಅಂತ ಮೊದಲೇ ಹೇಳ್ಬಿಟ್ಟೆಯಲ್ಲ ಅಣ್ಣ" ಎಂದಳು. "ಬೇಡೋಕೆ ನಿನಗಿನ್ನೂ ಬರಲ್ಲ. ಮೊದಲು ಎದುರಿನೋರ ಬಾಯಲ್ಲಿ ಕೊಟ್ಟೆ ಅನ್ನಿಸ್ಕೋಬೇಕು."

"ಕಲಿಸು ಹಾಗಾದ್ರೆ."

"ಕುಡಿ. ಕೊಟ್ಟೆ."

ಅಷ್ಟರಲ್ಲಿ ಅದು ತಣ್ಣಗಾಗಿತ್ತು. ನಾನು ಹೂಜಿ ಹಿಡಿದು ಮುಂದೆ ಬಾಗಿದೆ. ಶೇಖ್ ಬಟ್ಟಲಿಗೆ ಅಂಗೈ ಮುಚ್ಚಿ, ಬೇಡ ಎಂದು ತಲೆಯಾಡಿಸಿ, ಆ ತಣ್ಣನೆಯ ಕಹಿಯನ್ನು ಕೊನೆಯ ಹನಿಯವರೆಗೂ ಕುಡಿದರು. ಬಟ್ಟಲು ಅಲುಗಿಸಿ ನನ್ನ ಕೈಗಿಟ್ಟರು.

ನಾನು ಅದನ್ನು ಮೆಟ್ಟಿಲಿಗೆ ಒಯ್ದು ತೊಳೆದೆ. ನೀರು ಮೇಲಿನ ಮೆಟ್ಟಿಲಿನವರೆಗೂ ಇತ್ತು. ಜೊಂಡಿನ ಆಚೆ ಜಬಾಲಾ ಆಗಲೇ ದೋಣಿಯಲ್ಲಿ ನಿಂತು, ಎಮ್ಮೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಬೈಯುತ್ತಿದ್ದಳು.